ಡ್ರೈವರ್ ಮಾಮಾನ ಕಡೆ ಕೊಟ್ಟೇನಿ, ಇಳಿಸ್ಕೋ

ಚಿಕ್ಕೋಡಿ ಬಸ್ ನಿಲ್ದಾಣದಲ್ಲಿ ಎರಡು ತರದ ಜನ ಕಾಣುತ್ತಾರೆ. ಬಸ್ ಹತ್ತಲು ಬಂದವರು ಬೋರ್ಡು ಓದುತ್ತಾರೆ, ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರೆ, ಕಂಡಕ್ಟರನ ಜೊತೆ ಚಿಲ್ಲರೆಗಾಗಿ ವಾದ ಮಾಡುತ್ತಾರೆ. ಇನ್ನೊಂದು ತರದವರಿಗೆ ಬೋರ್ಡಿನ ಗೊಡವೆಯೇ ಇಲ್ಲ. ಅಂಗೈ ಮೇಲೆ ಬರೆದುಕೊಂಡ ನಾಲ್ಕು ಅಂಕಿಗಳನ್ನು ಒಳಬರುವ ಬಸ್ಸಿನ ನಂಬರಿಗೆ ತಾಳೆ ಹಾಕುತ್ತ ಕಂಬಕ್ಕೊರಗಿ ನಿಂತಿರುತ್ತಾರೆ. ತಾಳೆಯಾಯಿತೋ, ಹತ್ತುವ ಮಂದಿಯನ್ನೆಲ್ಲ ಸರಿಸಿಕೊಂಡು ಸೀದಾ ಡ್ರೈವರನ ಬಾಗಿಲಿಗೆ.

“ಮಾಮಾ, ಕಾಗವಾಡದ್ದು ಒಂದ ಚೀಲ ಐತೇನ್ರಿ?”

ಡ್ರೈವರ್ ಮಾಮಾ ಹಿಂದೆ ತಿರುಗಿಯೂ ನೋಡುವುದಿಲ್ಲ. ಎಂಜಿನ್ ಮುಚ್ಚಳದ ಪಕ್ಕಕ್ಕೆ ಕೈ ಚಾಚಿ ಒಂದು ಗಂಟು ಎತ್ತುತ್ತಾನೆ. ಯೂರಿಯಾ ಚೀಲವನ್ನು ತೊಳೆದು, ಬಾಯಿಗೆ ಸುತಳಿ ಬಿಗಿದದ್ದು. ಎಂಜಿನ್ನಿನ ಶಾಖಕ್ಕೆ ಬೆಚ್ಚಗಾಗಿರುತ್ತದೆ. ಒಳಗೆ ಏನಿದೆ ಎಂದು ಮೊದಲು ತಿಳಿಯುವುದು ಮೂಗಿಗೆ.

ನಾನು ಈ ಎರಡನೆಯ ತರದವನು. ನಮ್ಮ ಕಡೆ ಗೆಳೆಯರು ಉಡುಗೊರೆ ಕಳಿಸುವ ರೀತಿಯೇ ಹೀಗೆ. ಫೋನು ಬರುವುದು ಬಸ್ಸು ಅಂಕಲಿ ದಾಟಿದ ಮೇಲೆ. ಬೇಡ ಎನ್ನಲು ಆಸ್ಪದವೇ ಇರಬಾರದು. “ಡ್ರೈವರ್ ಮಾಮಾನ ಕಡೆ ಕೊಟ್ಟೇನಿ, ಇಳಿಸ್ಕೋ.” ಏನೈತ್ಯೋ ಅದರಾಗ ಅಂದರೆ, “ಇಳಿಸ್ಕೊಂಡ ಮ್ಯಾಲ ಗೊತ್ತಾಕ್ಕೈತಿ, ಈಗ ನಂಬರ್ ಬರ್ಕೋ.” ಫೋನು ಕಟ್. ಸಾರಿಗೆ ಸಂಸ್ಥೆಯವರು 2021ರಲ್ಲಿ ‘ನಮ್ಮ ಕಾರ್ಗೋ’ ಎಂದು ಪಾರ್ಸೆಲ್ ಸೇವೆ ಶುರು ಮಾಡಿದರು. ತೂಕ ಹಾಕುತ್ತಾರೆ, ರಸೀದಿ ಕೊಡುತ್ತಾರೆ, ಎಲ್ಲ ಅಚ್ಚುಕಟ್ಟು. ಆದರೆ ದೋಸ್ತಿಯ ಚೀಲಕ್ಕೆ ರಸೀದಿ ಹರಿಸುವುದು ನಮ್ಮ ಮಂದಿಗೆ ಇನ್ನೂ ಒಗ್ಗಿಲ್ಲ.

ಚೀಲಗಳು ಅತ್ತಿಂದಿತ್ತ ಓಡಾಡುವುದಕ್ಕೆ ನೆಲವೇ ಕಾರಣ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದು ಐದು ತಾಲ್ಲೂಕುಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ನಿಪ್ಪಾಣಿ ಮೊನ್ನೆ ಮೊನ್ನೆಯವರೆಗೆ ಚಿಕ್ಕೋಡಿಯದೇ ಆಗಿತ್ತು, ಕಾಗವಾಡ ಅಥಣಿಯದು. ಆದರೆ ಒಂದೊಂದು ಕಡೆಯ ಮಣ್ಣಿನ ಗುಣ ಒಂದೊಂದು. ಪಡುವಣಕ್ಕೆ ದೂಧಗಂಗಾ, ವೇದಗಂಗಾ; ನಡುವೆ ಕೃಷ್ಣಾ; ದಂಡೆಯುದ್ದಕ್ಕೂ ಕಬ್ಬು, ಅರಿಶಿಣ. ಮೂಡಣಕ್ಕೆ ತೆಲಸಂಗದ ಕಡೆ ಹೋದರೆ ಹೊಳೆಯ ಸುಳಿವಿಲ್ಲ. ಮಳೆಯ ದಾರಿ ಕಾಯುವ ಎರೆಹೊಲ, ಜೋಳ, ದ್ರಾಕ್ಷಿ. ಅಲ್ಲಿ ಏನೋ ಮಾಗಿದಾಗ ಇಲ್ಲಿ ಅದು ಇರುವುದಿಲ್ಲ. ಮನೆಯಲ್ಲಿ ರಾಶಿ ಬಿದ್ದ ದಿನ ಎದುರಿನ ಸೀಮೆಯ ಗೆಳೆಯ ನೆನಪಾಗುತ್ತಾನೆ, ಅಷ್ಟೇ ಲೆಕ್ಕ. ಹುಟ್ಟಿದ ದಿನ, ಮದುವೆಯಾದ ದಿನ ನೋಡಿ ಕಳಿಸುವ ಕಾಣಿಕೆಯಲ್ಲ ಇದು. ವರ್ಷದಲ್ಲಿ ಒಮ್ಮೆ ಬಂದೇ ಬರುತ್ತದೆ ಎಂದು ಗೊತ್ತಿದ್ದರೂ ಯಾವ ದಿನ ಬರುತ್ತದೆಂದು ತಿಳಿಯುವುದಿಲ್ಲ. ಅದನ್ನು ಕಳಿಸುವವನಿಗೂ ಗೊತ್ತಿರುವುದಿಲ್ಲ.

ಗೊತ್ತಿರುವ ಉಡುಗೊರೆಯ ಕಥೆ ಬೇರೆ. ನಮ್ಮ ಲಗ್ನಗಳಲ್ಲಿ ಅದಕ್ಕೆ ಆಹೇರ ಅನ್ನುತ್ತಾರೆ. ಮಂಟಪದ ಮೂಲೆಯಲ್ಲಿ ಮೇಜು ಹಾಕಿಕೊಂಡು ಒಬ್ಬ ಕಾಕಾ ನೋಟ್‌ಬುಕ್ಕಿನಲ್ಲಿ ಬರೆಯುತ್ತಿರುತ್ತಾನೆ: ಯಾರು, ಯಾವೂರು, ಎಷ್ಟು. ನಾಳೆ ಅವರ ಮನೆಯ ಲಗ್ನಕ್ಕೆ ಹೋಗುವ ಮೊದಲು ಆ ಪುಟ ತೆರೆಯುತ್ತದೆ. ಗಂಡಸರಿಗೆ ಟೊಪ್ಪಿಗೆ, ಟವೆಲ್, ತೆಂಗಿನಕಾಯಿ. ಹೆಂಗಸರಿಗೆ ಕುಬಸದ ಖಣ. ಆ ಖಣ ಯಾರ ಕುಬಸವೂ ಆಗದೆ ಟ್ರಂಕಿನಿಂದ ಟ್ರಂಕಿಗೆ ಜಿಗಿಯುತ್ತ ಐದೂ ತಾಲ್ಲೂಕು ನೋಡಿ ಕೊನೆಗೆ ಮೊದಲು ಕೊಟ್ಟವರ ಮನೆಗೇ ಬಂದು ಬೀಳುತ್ತದೆ. ಗುರುತು ಹಿಡಿದ ಅಕ್ಕ ನಗುವುದಿಲ್ಲ, ಕುಂಕುಮ ಹಚ್ಚಿಸಿಕೊಂಡು ಮರ್ಯಾದೆಯಿಂದ ತೆಗೆದುಕೊಳ್ಳುತ್ತಾಳೆ. ಲಗ್ನಪತ್ರಿಕೆಯಲ್ಲಿ ‘ಆಹೇರ ಸ್ವೀಕರಿಸುವುದಿಲ್ಲ’ ಎಂದು ಅಚ್ಚು ಹಾಕಿಸುವವರು ಈಗ ಹೆಚ್ಚಾಗಿದ್ದಾರೆ. ನೋಟ್‌ಬುಕ್ಕು ಇಟ್ಟು ಸುಸ್ತಾಗಿರಬೇಕು. ನಾನು ಆಹೇರವನ್ನು ಹಳಿಯುತ್ತಿಲ್ಲ, ಎಷ್ಟೋ ಬಡವರ ಲಗ್ನ ಅದರಿಂದಲೇ ದಡ ಸೇರಿದೆ. ಆದರೆ ಬಿಚ್ಚುವಾಗ ಮೈ ಜುಮ್ಮೆನ್ನುವುದು ನೋಟ್‌ಬುಕ್ಕಿನಲ್ಲಿ ಇಲ್ಲದ ಗಂಟನ್ನು ಮಾತ್ರ.

ಫೆಬ್ರುವರಿಯಿಂದ ಏಪ್ರಿಲ್ ತನಕ ಅಥಣಿಯ ಮೂಡಣ ಸೀಮೆಯಲ್ಲಿ ಮಣೂಕದ, ಅಂದರೆ ಒಣದ್ರಾಕ್ಷಿಯ, ಹಂಗಾಮು. ಕೊಯ್ದ ದ್ರಾಕ್ಷಿ ಗೊಂಚಲನ್ನು ಪೊಟ್ಯಾಶಿಯಂ ಕಾರ್ಬೋನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ನೆರಳಲ್ಲಿ ಅಂತಸ್ತು ಅಂತಸ್ತಾಗಿ ಬಿಗಿದ ಬಲೆಗಳ ಮೇಲೆ ಹರವುತ್ತಾರೆ. ಎರಡು ವಾರದಲ್ಲಿ ಒಣ ಗಾಳಿ ತನ್ನ ಕೆಲಸ ಮುಗಿಸುತ್ತದೆ. ಸುಮಾರು ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಆಗಿ ಕುಗ್ಗುತ್ತದೆ. ಹಸಿರು ಬಂಗಾರದ ಬಣ್ಣದ್ದೆಲ್ಲ ಜರಡಿ ಹಿಡಿದು, ಡಬ್ಬಿ ತುಂಬಿ, ಸಾಂಗಲಿ, ತಾಸಗಾಂವದ ಮಾರುಕಟ್ಟೆಗೆ. ಅಲ್ಲಿನ ಗೆಳೆಯನ ಚೀಲದಲ್ಲಿ ಬರುವುದು ಅದಲ್ಲ. ಬಲೆಯ ಕೊನೆಯಲ್ಲಿ ಉಳಿದು ಕಪ್ಪಗೆ ತಿರುಗಿದ, ಮಾರುಕಟ್ಟೆಯಲ್ಲಿ ಬೆಲೆ ಸಿಗದ ಕಾಳು. ಅಂಟಂಟು, ಹಲ್ಲಿಗೆ ಹಿಡಿಯುವ ಸಿಹಿ. “ಮಾರಾಕ ಕಳಸೂದು ಬ್ಯಾರೆ, ಮನ್ಯಾಗ ತಿನ್ನೂದು ಇದು,” ಎಂದು ಅವನು ಹೇಳಿದ ಮೇಲೆ ಅಂಗಡಿಯ ಹೊಳೆಯುವ ಒಣದ್ರಾಕ್ಷಿ ನನಗೆ ರುಚಿಸಿಲ್ಲ.

ಬಸ್ಸಿನ ಮೇಲೆ ಕಳಿಸಲಾಗದ ಉಡುಗೊರೆಯೂ ಉಂಟು. ಸೀತನಿ. ಚಳಿಗಾಲದಲ್ಲಿ ಜೋಳದ ತೆನೆ ಹಾಲು ಬಿಟ್ಟು ಗಟ್ಟಿಯಾಗುವ ಮೊದಲು ಒಂದು ವಾರವೋ ಹತ್ತು ದಿನವೋ, ಅಷ್ಟೇ ಅದರ ಆಯುಷ್ಯ. ಬೆಳಗ್ಗೆ ಫೋನು: “ಇವತ್ತ ಬಾ. ನಾಳೆ ಅಂದ್ರ ಬಲಿತಾವು.” ಆಫೀಸಿನಲ್ಲಿ ಏನೋ ಒಂದು ನೆವ ಹೇಳಿ ಹೋಗಬೇಕು. ಹೊಲದ ಬದುವಿನಲ್ಲಿ ಗುಂಡಿ, ಗುಂಡಿಯಲ್ಲಿ ಕುಳ್ಳಿನ ಕೆಂಡ, ಕೆಂಡದಲ್ಲಿ ಹಸಿರು ತೆನೆ. ಗೆಳೆಯನ ತಂದೆ ಬಿಸಿ ತೆನೆಯನ್ನು ಅಂಗೈಗಳ ನಡುವೆ ತಿಕ್ಕಿ, ಬಾಯಿಂದ ಹೊಟ್ಟು ಊದಿ, ಕಾಳನ್ನು ನಮ್ಮ ಅಂಗೈಗೆ ಸುರಿಯುತ್ತಾರೆ. ಜೊತೆಗೆ ಶೇಂಗಾ ಹಿಂಡಿ, ಬೆಲ್ಲ, ಕೆನೆ ಮೊಸರು. ಅವರ ಅಂಗೈ ಆ ಬಿಸಿಗೆ ಹೇಗೆ ತಡೆಯುತ್ತದೋ. ನಾನೊಮ್ಮೆ ತಿಕ್ಕಲು ಹೋಗಿ ತೆನೆ ಬೀಸಾಕಿದೆ. “ಪೆನ್ನ ಹಿಡ್ಯೂ ಕೈ, ಬಿಡ್ರಿ ಮಾಸ್ತರ,” ಎಂದರು. ಅವರ ದೃಷ್ಟಿಯಲ್ಲಿ ಪೆನ್ನು ಹಿಡಿಯುವವರೆಲ್ಲ ಮಾಸ್ತರರೇ.

ರಾಯಬಾಗದ ಗೆಳೆಯ ಹಾರೂಗೇರಿಯ ಕಡೆಯವನು. ಬೇಯಿಸಿ, ಒಣಗಿಸಿ, ಪಾಲಿಶ್ ಮಾಡಿದ ಹೊಸ ಅರಿಶಿಣದ ಕೊಂಬು ಕಳಿಸುತ್ತಾನೆ. ಒಂಬತ್ತು ತಿಂಗಳು ನೆಲದಲ್ಲಿದ್ದು ಬಂದ ಬೆಳೆ. ಚೀಲ ಬಿಚ್ಚಿದವರ ಕೈ ಎರಡು ದಿನ ಹಳದಿ.

ನಿಪ್ಪಾಣಿಯವನದೇ ಫಜೀತಿ. ಅವನೂರಿಗೆ ಹೆಸರು ತಂದದ್ದು ತಂಬಾಕು. 1981ರಲ್ಲಿ ತಂಬಾಕಿಗೆ ಬೆಲೆ ಕೇಳಿ ರೈತರು ರಾಷ್ಟ್ರೀಯ ಹೆದ್ದಾರಿಯ ಮೇಲೇ ವಾರಗಟ್ಟಲೆ ಕೂತ ಊರು ಅದು. ಬೀಡಿ ಕಟ್ಟುವ ಹೆಂಗಸರು ಕೂಲಿಗಾಗಿ ಸಂಘಟಿತರಾದ ಊರು. ಹಳೆಯ ಓಣಿಗಳ ಗೋಡೆಗಳಲ್ಲಿ ಇವತ್ತಿಗೂ ಆ ಘಾಟು ಇದೆ. “ನಮ್ಮೂರ ಬೆಳೀ ದೋಸ್ತಗ ಕೊಡಾಕ ಬರೂದಿಲ್ಲ, ವೈರಿಗೆ ಕೊಡಬೇಕು,” ಎಂದು ನಗುತ್ತಾನೆ. ಅದಕ್ಕೆ ಅವನು ಕಂಡುಕೊಂಡ ದಾರಿ ಮಸಾಲೆ ಖಾರ. ಏಪ್ರಿಲ್ ಬಿಸಿಲಿಗೆ ಅಂಗಳದ ತುಂಬ ಮೆಣಸಿನಕಾಯಿ ಒಣಗುತ್ತವೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಸಂಕೇಶ್ವರಿ. ಕೊತ್ತಂಬರಿ, ಎಳ್ಳು, ಒಣಕೊಬ್ಬರಿ, ಲವಂಗ, ಚಕ್ಕೆ, ಎಣ್ಣೆಯಲ್ಲಿ ಕೆಂಪಗೆ ಹುರಿದ ಉಳ್ಳಾಗಡ್ಡಿ, ಮುಷ್ಟಿಗಟ್ಟಲೆ ಬೆಳ್ಳುಳ್ಳಿ. ಎಲ್ಲವನ್ನೂ ಹೊತ್ತು ಖಾರ ಕುಟ್ಟುವ ಗಿರಣಿಗೆ ಹೋದರೆ ಅಲ್ಲಿ ಹೆಂಗಸರ ಸರತಿ, ಸೀನಿನ ಸರಮಾಲೆ. ಆ ಖಾರ ಚಿಕ್ಕೋಡಿಗೆ ಬರುವಷ್ಟರಲ್ಲಿ ಬಸ್ಸಿನ ಮುಂದಿನ ಸೀಟುಗಳವರೆಲ್ಲ ಮೂಗು ಒರೆಸಿಕೊಳ್ಳುತ್ತಿರುತ್ತಾರೆ. ಡ್ರೈವರ್ ಮಾಮಾ ಡಬ್ಬಿ ಕೊಡುತ್ತ, “ಮುಂದಿನ ಸರ್ತಿ ಮುಚ್ಚಳ ಬಿಗಿ ಹಾಕಾಕ ಹೇಳ್ರಿ, ನಮಗ ಎದುರಿನ ದಾರೀನs ಕಾಣವಲ್ದು,” ಎಂದ.

ಅದೇ ವಾರ ಶೇಡಬಾಳದಿಂದಲೂ ಖಾರ ಬಂತು. ಶೇಡಬಾಳ ಕಾಗವಾಡ ತಾಲ್ಲೂಕಿನ ಜೈನರ ಊರು, ಕಾದಂಬರಿಕಾರ ಮಿರ್ಜಿ ಅಣ್ಣಾರಾಯರು ಹುಟ್ಟಿದ್ದು ಅಲ್ಲೇ. ಗೆಳೆಯನ ಮನೆಯಲ್ಲಿ ಹೊತ್ತು ಮುಳುಗುವ ಮುಂಚೆ ಊಟ ಮುಗಿಯುತ್ತದೆ. ನೆಲದೊಳಗೆ ಬೆಳೆಯುವ ಗಡ್ಡೆ ಒಲೆ ಹತ್ತುವುದಿಲ್ಲ. ಹಾಗಾಗಿ ಅವರ ಖಾರದಲ್ಲಿ ಉಳ್ಳಾಗಡ್ಡಿಯಿಲ್ಲ, ಬೆಳ್ಳುಳ್ಳಿಯಿಲ್ಲ. ಆ ಜಾಗವನ್ನು ಕೊಬ್ಬರಿ, ಎಳ್ಳು, ಇಂಗು ತುಂಬಿರುತ್ತವೆ. ನಮ್ಮ ಮನೆಯವಳು ಎರಡೂ ಡಬ್ಬಿಗಳನ್ನು ಅಕ್ಕಪಕ್ಕ ಇಟ್ಟಳು. ಒಂದು ಬದನೆಕಾಯಿ ಎಣ್ಣೆಗಾಯಿಗೆ, ಒಂದು ಬೇಳೆ ಸಾರಿಗೆ. ಯಾವುದು ಯಾವುದಕ್ಕೆ ಎಂದು ನಾನು ಹೇಳಹೋದರೆ ನಿಪ್ಪಾಣಿಯವನೋ ಶೇಡಬಾಳದವನೋ ಸಿಟ್ಟಾಗುವ ಸಂಭವವಿದೆ.

ನಿಪ್ಪಾಣಿಯ ಓಣಿಯಲ್ಲಿ ಸಂಕ್ರಾಂತಿಯ ಸಂಜೆ ಹೊರಟರೆ ಒಂದು ಬಾಗಿಲಲ್ಲಿ ಕನ್ನಡದಲ್ಲಿ ಕುಸುರೆಳ್ಳು, ಮುಂದಿನ ಬಾಗಿಲಲ್ಲಿ ಮರಾಠಿಯಲ್ಲಿ ತಿಳಗೂಳ. ಗಡಿಯ ವಾದ ಮಾಡುವವರೂ ಆ ಸಂಜೆ ಬಾಯಲ್ಲಿ ಎಳ್ಳು ಇಟ್ಟುಕೊಂಡಿರುತ್ತಾರೆ, ಮಾತಾಡಲು ಬರುವುದಿಲ್ಲ. ದಸರೆಯ ಬನ್ನಿಯೂ ಹಾಗೆಯೇ. ಮುನಿಸಿಕೊಂಡು ವರ್ಷಗಟ್ಟಲೆ ಮಾತು ಬಿಟ್ಟವನು ಆ ಸಂಜೆ ನಾಲ್ಕು ಎಲೆ ಹಿಡಿದು, ಹೊಸ್ತಿಲ ಹೊರಗೇ ನಿಂತು, “ಬಂಗಾರ ತಗೊಂಡ ಬಂಗಾರದಂಗ ಇರೂಣು” ಎಂದರೆ ಮನೆಯವರೆಲ್ಲ ಕುರ್ಚಿ ಹುಡುಕುತ್ತಾರೆ.

ಇನ್ನು ಅಥಣಿಯ ಚಪ್ಪಲಿ. ಯಾರಾದರೂ ಚಪ್ಪಲಿಯನ್ನು ಉಡುಗೊರೆ ಕೊಡುತ್ತಾರೆಯೇ ಎಂದು ಬೇರೆ ಊರಿನವರು ಕೇಳಬಹುದು. ಅಥಣಿಯವರು ಕೊಡುತ್ತಾರೆ. ಗೆಳೆಯ ಒಂದು ದಿನ ಊಟಕ್ಕೆ ಕರೆದಿದ್ದ. ಉಂಡು, ಎಲೆ ಅಡಿಕೆ ಹಾಕಿಕೊಂಡು, ಊರಿಗೆ ಬಂದೆ. ತಿಂಗಳ ಮೇಲೆ ಒಂದು ರಟ್ಟಿನ ಡಬ್ಬಿ ಬಂತು. ಬಿಚ್ಚಿದರೆ ಜೇನಿನ ಬಣ್ಣದ ಹೊಸ ಜೋಡು. ಕಾಲಿಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಳತೆ ಯಾವಾಗ ಕೊಟ್ಟೆ? ಆಮೇಲೆ ಗುಟ್ಟು ಬಿಟ್ಟ. ನಾನು ಒಳಗೆ ಹೋಳಿಗೆಗೆ ತುಪ್ಪ ಸುರಿಸಿಕೊಳ್ಳುತ್ತಿದ್ದಾಗ ಅವನ ಮಗಳು ಹೊರಗೆ ಬಿಟ್ಟಿದ್ದ ನನ್ನ ಸವೆದ ಚಪ್ಪಲಿಯನ್ನು ಹಳೆಯ ಪೇಪರಿನ ಮೇಲಿಟ್ಟು ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದಳು.

ಜಗತ್ತು ಅದನ್ನು ಕೊಲ್ಹಾಪುರಿ ಎಂದು ಕರೆಯುತ್ತದೆ. ಮಾಡುವ ಕೈಗಳು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದಲ್ಲೂ ಇವೆ. 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಕ್ಕೂ ಆ ಹೆಸರಿನ ಹಕ್ಕು ಬಂತು. 2025ರ ಜೂನ್‌ನಲ್ಲಿ ಮಿಲಾನ್‌ನಲ್ಲಿ ಪ್ರಾಡಾ ಕಂಪನಿ ಇದೇ ಮಾದರಿಯ ಜೋಡನ್ನು ಯಾರ ಹೆಸರೂ ಹೇಳದೆ ಮೆರೆಸಿತು. ಗದ್ದಲವಾದ ಮೇಲೆ ಭಾರತದ ಕುಶಲಕರ್ಮಿಗಳಿಂದ ಬಂದದ್ದೆಂದು ಒಪ್ಪಿಕೊಂಡಿತು. ಅಥಣಿಯಲ್ಲಿ ಅದರ ಬಗ್ಗೆ ಕೇಳಿದರೆ ಕುಟ್ಟುವ ಕೈ ನಿಲ್ಲುವುದಿಲ್ಲ. ಜಾಲಿಯ ತೊಗಟೆ, ಅಳಲೆಕಾಯಿಯ ನೀರಿನಲ್ಲಿ ವಾರಗಟ್ಟಲೆ ಹದಗೊಂಡ ತೊಗಲು. ಗಂಡಸರು ಅಟ್ಟೆ ಕತ್ತರಿಸಿ ಬಡಿಯುತ್ತಾರೆ, ಹೆಂಗಸರು ತೊಗಲಿನ ಸಣ್ಣ ಎಳೆಗಳಿಂದ ಜಡೆ ಹೆಣೆಯುತ್ತಾರೆ. ಹಳೆಯ ಕ್ರಮದಲ್ಲಿ ಮೊಳೆಯಿಲ್ಲ, ತೊಗಲಿಗೆ ತೊಗಲಿನದೇ ಹೊಲಿಗೆ. ಮೊದಲ ದಿನಗಳಲ್ಲಿ ಕಚ್ಚುತ್ತದೆ. ಎಣ್ಣೆ ಕುಡಿಸಬೇಕು, ಮನೆಯೊಳಗೇ ಹಾಕಿಕೊಂಡು ಅಡ್ಡಾಡಬೇಕು. ಆಮೇಲೆ ನಮ್ಮ ಹೆಜ್ಜೆ ಅದಕ್ಕೆ ಗೊತ್ತಾಗುತ್ತದೆ. ಕೆಲವು ನಡೆಯುವಾಗ ಕರಕರ ಸದ್ದು ಮಾಡುತ್ತವೆ. ಹಿಂದಿನ ಗೌಡರು ಅದನ್ನು ಬೇಕೆಂದೇ ಮಾಡಿಸುತ್ತಿದ್ದರು, ತಾವು ಬರುವುದು ಓಣಿಗೆ ಮೊದಲೇ ತಿಳಿಯಲಿ ಎಂದು.

ಚಪ್ಪಲಿ ಮಾಡುವ ಸಮಗಾರರ ಓಣಿಗಳಲ್ಲಿ ಶರಣ ಹರಳಯ್ಯನ ಹೆಸರಿಲ್ಲದ ಮಾತಿಲ್ಲ. ಅವನ ಕಥೆ ನಮ್ಮವರಿಗೆಲ್ಲ ಗೊತ್ತಿರುವುದೇ. ದಾರಿಯಲ್ಲಿ ಹರಳಯ್ಯ ‘ಶರಣು’ ಎಂದ. ಬಸವಣ್ಣ ‘ಶರಣು ಶರಣಾರ್ಥಿ’ ಎಂದ. ಒಂದಕ್ಕೆ ಎರಡು ಬಂತಲ್ಲ ಎಂದು ಹರಳಯ್ಯನಿಗೆ ನಿದ್ದೆ ಹತ್ತಲಿಲ್ಲ. ಗಂಡ ಹೆಂಡತಿ ತಮ್ಮ ತೊಡೆಯ ಚರ್ಮ ತೆಗೆದು ಜೋಡು ಮಾಡಿಕೊಂಡು ಹೋದರು. ಬಸವಣ್ಣನಿಗೆ ಅದನ್ನು ಕಾಲಿಗೆ ಹಾಕಿಕೊಳ್ಳಲಾಗಲಿಲ್ಲ, ತಲೆಯ ಮೇಲಿಟ್ಟುಕೊಂಡ. ಚಿಕ್ಕಂದಿನಲ್ಲಿ ಈ ಕಥೆ ಕೇಳಿದಾಗ ನನಗೆ ಹರಳಯ್ಯನ ನೋವಷ್ಟೇ ಕಂಡಿತ್ತು. ಈಗ ಬಸವಣ್ಣನ ಪಾಡೂ ಕಾಣುತ್ತದೆ. ಮನೆ ಬಾಗಿಲಿಗೆ ಅಂಥದೊಂದು ಉಡುಗೊರೆ ಬಂದು ನಿಂತರೆ ಏನು ಮಾಡುವುದು? ಬೇಡ ಎನ್ನುವಂತಿಲ್ಲ, ತೊಡುವಂತಿಲ್ಲ. ಅಥಣಿಯ ಗೆಳೆಯನಿಗೆ ನನ್ನ ಜೋಡಿನ ದುಡ್ಡು ಎಷ್ಟಾಯಿತೆಂದು ಕೇಳಿದ್ದೆ. ಒಂದು ವಾರ ಫೋನು ಎತ್ತಲಿಲ್ಲ.

2019ರ ಆಗಸ್ಟ್. ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ಒಟ್ಟಿಗೆ ಉಕ್ಕಿದವು. ಕಲ್ಲೋಳ, ಯಡೂರ, ಇಂಗಳಿ, ಸದಲಗಾ, ಕುಡಚಿ ಎಲ್ಲ ಕಡೆ ನೀರು. ಸೇತುವೆಗಳು ಒಂದೊಂದಾಗಿ ಮುಳುಗಿ ಈ ದಂಡೆಯ ನೆಂಟರಿಗೆ ಆ ದಂಡೆ ದೂರವಾಯಿತು. ಶಾಲೆಗಳಲ್ಲಿ ಕಾಳಜಿ ಕೇಂದ್ರಗಳು. ಉತ್ತರ ಕರ್ನಾಟಕದ ಊರೂರಿನಿಂದ ಕಡಕ್ ರೊಟ್ಟಿ ಗಂಟುಗಟ್ಟಲೆ ಬಂದವು. ಯಾರೋ ಸುಟ್ಟ ರೊಟ್ಟಿಯನ್ನು ಯಾರೋ ತಿಂದರು. ಹೊಳೆಸಾಲಿನ ನನ್ನ ಗೆಳೆಯನೊಬ್ಬ ಮನೆ ಬಿಟ್ಟು, ಎಮ್ಮೆಗಳನ್ನು ಹೊಡೆದುಕೊಂಡು ಬಂದು, ರಸ್ತೆ ಬದಿಯ ಎತ್ತರದ ಮೇಲೆ ತಾಡಪತ್ರಿ ಕಟ್ಟಿಕೊಂಡಿದ್ದ. ಬಂದವರೆಲ್ಲ ಊಟ ಆಯಿತೇ ಎಂದು ಕೇಳುತ್ತಿದ್ದರು. ಎಮ್ಮೆಗಳು ಕೂಗುತ್ತಿದ್ದವು. ಮೂಡಣ ಸೀಮೆಯಿಂದ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಟ್ರಾಲಿಯ ತುಂಬ ಒಣ ಕಣಿಕೆ. ತಂದವನು ಇವನ ಕಾಲೇಜಿನ ದೋಸ್ತ, ಮಳೆಯೇ ನೆಟ್ಟಗೆ ಕಾಣದ ಊರಿನವನು. ಸೂಡು ಇಳಿಸುತ್ತ ಅವನು ಆಡಿದ್ದು ಒಂದೇ ಮಾತು: “ನೀ ಉಂಡಿರ್ತೀ ಅಂತ ಗೊತ್ತಿತ್ತು.” ಆವರೆಗೆ ಕಲ್ಲಿನಂತೆ ಕೂತಿದ್ದವನು ಎದ್ದು, ಟ್ರಾಲಿಯ ಹಲಗೆ ಹಿಡಿದು ಅತ್ತ.

ಮರುವರ್ಷ ಅವನ ಎಮ್ಮೆ ಈದಾಗ ಗಿಣ್ಣದ ಹಾಲು ತೆಲಸಂಗದ ಕಡೆಗೂ ಹೋಯಿತು, ನಮ್ಮ ಮನೆಗೂ ಬಂತು. ಗಿಣ್ಣ ಬರುವ ದಿನವನ್ನು ಎಮ್ಮೆಯ ಹೊರತು ಯಾರೂ ಹೇಳಲಾರರು. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರೆ ಚಾಕುವಿಗೆ ಮಿದುವಾಗಿ ಕತ್ತರಿಸಲು ಬರುತ್ತದೆ. ತಿಂದದ್ದಾಯಿತು. ತೊಡಕು ಶುರುವಾಗುವುದು ಆಮೇಲೆ. ಬಂದ ಪಾತ್ರೆಯನ್ನು ಬರಿದಾಗಿ ಮರಳಿಸಬಾರದು, ಏನೂ ಇಲ್ಲವೆಂದರೆ ಚಿಟಿಕೆ ಸಕ್ಕರೆಯಾದರೂ ಇರಬೇಕು. ಆ ‘ಏನಾದರೂ’ ಹೊಂದುವ ತನಕ ಪಾತ್ರೆ ನಮ್ಮಲ್ಲೇ ತಂಗುತ್ತದೆ. ಹೀಗೆ ತಂಗಿದ ಸ್ಟೀಲ್ ಡಬ್ಬಿಗಳದೇ ಒಂದು ಹಲಗೆ ನಮ್ಮ ಅಡುಗೆಮನೆಯಲ್ಲಿದೆ.

ಯಾರದು ಯಾವುದೆಂದು ಗುರುತಿಸುವುದು ಸುಲಭವಲ್ಲ. ಡಬ್ಬಿಯ ಮೇಲೆ ಹೆಸರು ಕೊರೆದಿರುತ್ತದೆ, ನಿಜ. ಆದರೆ ಅದು ಡಬ್ಬಿಯ ಒಡೆಯನದಲ್ಲ, ಎಂದೋ ಅವರ ಲಗ್ನಕ್ಕೆ ಆಹೇರ ಕೊಟ್ಟವರದು. ಮೊನ್ನೆ ಹಲಗೆ ಒರೆಸುವಾಗ ಮುಚ್ಚಳ ಸ್ವಲ್ಪ ಜಜ್ಜಿದ ಒಂದು ಡಬ್ಬಿ ಸಿಕ್ಕಿತು. ಮೇಲೆ ಯಾರದೋ ಹೆಸರು, ಯಾವುದೋ ತಾರೀಕು.

“ಇದು ಯಾರದ್ರಿ?” ಎಂದಳು ಮನೆಯವಳು.

ಅಥಣಿಗೆ ಫೋನು ಮಾಡಿದೆ. “ನಮ್ದಲ್ಲೋ ಮಾರಾಯ, ನಮ್ಮನ್ಯಾಗ ಈಗ ಎಲ್ಲಾ ಪ್ಲಾಸ್ಟಿಕ್.” ಶೇಡಬಾಳದ ವೈನಿ ತಮ್ಮ ಡಬ್ಬಿಗಳನ್ನೆಲ್ಲ ಎಣಿಸಿ ಬಂದು, ಒಂದೂ ಕಡಿಮೆಯಿಲ್ಲ, ಬದಲಿಗೆ ಒಂದು ಹೆಚ್ಚಿದೆ, ಅದು ನಿಮ್ಮದೇನು ನೋಡಿ ಎಂದರು. ನಿಪ್ಪಾಣಿಯವನಿಗೆ ನೆನಪಿಲ್ಲ. ರಾಯಬಾಗದವನು ಹೆಸರು ಕೇಳಿದ, ತಾರೀಕು ಕೇಳಿದ, ಸ್ವಲ್ಪ ಹೊತ್ತು ಸುಮ್ಮನಿದ್ದ.

“ನಂದಲ್ಲ. ಖರೆ ಏನರ ಹಾಕಿ ಕಳಸವ್ರಿದ್ರ ನಂದs ಅನ್ಕೋ.”

ಶೇಂಗಾ ಹೋಳಿಗೆಗೆ ಹೂರಣ ಸಿದ್ಧವಾಗಿದೆ. ಡಬ್ಬಿಯಲ್ಲಿ ಎಷ್ಟು ಹಿಡಿಯುತ್ತವೆ ಎಂಬ ಬಗ್ಗೆ ನಮ್ಮಿಬ್ಬರಲ್ಲಿ ಇನ್ನೂ ಒಮ್ಮತವಾಗಿಲ್ಲ.